ಹದಿನೇಳು ಆಲ್ಬಂ, ಒಂದು ಮುಗಿಯದ ವಾದ

2007ರ ಮಾರ್ಚ್ 17, ಶನಿವಾರ. ವೆಸ್ಟ್ ಇಂಡೀಸ್‌ನ ಪೋರ್ಟ್ ಆಫ್ ಸ್ಪೇನ್‌ನಲ್ಲಿ ವಿಶ್ವಕಪ್ ಪಂದ್ಯ. ರಾಹುಲ್ ದ್ರಾವಿಡ್ ನಾಯಕತ್ವದ ಭಾರತ 191 ರನ್ನಿಗೆ ಆಲೌಟಾಗಿ ಬಾಂಗ್ಲಾದೇಶದ ಎದುರು ಸೋತು ದೇಶಕ್ಕೆ ದೇಶವೇ ತಲೆ ಮೇಲೆ ಕೈ ಹೊತ್ತು ಕೂತ ದಿನ ಅದು. ಅದೇ ಸಂಜೆ ದ್ರಾವಿಡ್ ಅವರ ಊರಾದ ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಪ್ಪು ಟೀ ಶರ್ಟ್ ತೊಟ್ಟ ಸಾವಿರಾರು ಮಂದಿ ಕ್ರಿಕೆಟ್ಟನ್ನು ಬದಿಗಿಟ್ಟು ಲಂಡನ್ನಿನಿಂದ ಬಂದ ಆರು ಜನರಿಗಾಗಿ ಕಾದಿದ್ದರು. ದೆಹಲಿಯ ಪರಿಕ್ರಮ ತಂಡ ಮೊದಲು ನುಡಿಸಿತು. ಆಮೇಲೆ ಐರನ್ ಮೇಡನ್ ಬಂತು. ಹೆವಿ ಮೆಟಲ್ ಸಂಗೀತದ ಇಷ್ಟು ದೊಡ್ಡ ತಂಡವೊಂದು ಭಾರತದ ವೇದಿಕೆ ಹತ್ತಿದ್ದು ಅದೇ ಮೊದಲು.

ಅಂದು ಅಲ್ಲಿದ್ದವರಲ್ಲಿ ಅನೇಕರು ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗರು. ಎಲೆಕ್ಟ್ರಾನಿಕ್ ಸಿಟಿಯ ಟ್ರೈನಿಗಳು, ವೈಟ್‌ಫೀಲ್ಡಿನ ಟೆಸ್ಟರ್‌ಗಳು, ಮಾರತ್ತಹಳ್ಳಿಯ ಪಿಜಿಗಳಲ್ಲಿ ಮೂವರಿಗೊಂದು ಕೋಣೆ ಹಂಚಿಕೊಂಡವರು. ಈಗ ಅವರಿಗೆ ನಲವತ್ತರ ಆಸುಪಾಸು. ಮ್ಯಾನೇಜರುಗಳಾಗಿದ್ದಾರೆ, ಮಕ್ಕಳನ್ನು ಶಾಲೆ ಬಸ್ಸಿಗೆ ಹತ್ತಿಸುತ್ತಾರೆ. ಆದರೆ ನಾಲ್ವರು ಮತ್ತೆ ಒಂದು ಮೇಜಿನ ಸುತ್ತ ಸೇರಿದರೆ ಅಂದಿನ ವಾದ ನಿಲ್ಲಿಸಿದಲ್ಲಿಂದಲೇ ಶುರುವಾಗುತ್ತದೆ. ಮೇಡನ್‌ನ ಅತ್ಯುತ್ತಮ ಆಲ್ಬಂ ಯಾವುದು?

ಲಂಡನ್ನಿನ ಪೂರ್ವ ಭಾಗದ ಲೇಟನ್ನಿನಲ್ಲಿ 1975ರ ಕೊನೆಗೆ ಸ್ಟೀವ್ ಹ್ಯಾರಿಸ್ ಎಂಬ ಬೇಸ್ ಗಿಟಾರ್ ವಾದಕ ಕಟ್ಟಿದ ತಂಡ ಇದು. 1980ರಲ್ಲಿ ಮೊದಲ ಆಲ್ಬಂ, 2021ರಲ್ಲಿ ಹದಿನೇಳನೆಯದು. ನಡುವೆ ಹಾಡುಗಾರರು ಬದಲಾದರು, ಡ್ರಮ್ಮರ್ ಬದಲಾದರು, ಒಬ್ಬ ಗಿಟಾರ್ ವಾದಕ ಬಿಟ್ಟುಹೋಗಿ ಒಂಬತ್ತು ವರ್ಷದ ಮೇಲೆ ವಾಪಸು ಬಂದರು. ಹ್ಯಾರಿಸ್ ಮಾತ್ರ ಕದಲಲಿಲ್ಲ. ಹದಿನೇಳು ಆಲ್ಬಂ ಇರುವ ಕಡೆ ಒಂದಕ್ಕೆ ಪಟ್ಟ ಕಟ್ಟುವುದು ಸುಲಭವಲ್ಲ.

ಆಲ್ಬಂ ಎಂದರೇನು ಎನ್ನುವುದನ್ನು ಕನ್ನಡಿಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ. 1978ರಲ್ಲಿ ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ ಬಂದಾಗಿನಿಂದ ಭಾವಗೀತೆಯ ಕೇಳುಗರು ಹಾಡುಗಳನ್ನು ಒಂದು ಗುಚ್ಛವಾಗಿ, ಇಂಥದ್ದರ ನಂತರ ಇಂಥದ್ದು ಎಂಬ ಕ್ರಮದಲ್ಲೇ ಮನಸ್ಸಿನಲ್ಲಿ ಇಟ್ಟುಕೊಂಡವರು. ಒಂದು ಹಾಡು ಮುಗಿಯುತ್ತಿದ್ದಂತೆ ಮುಂದಿನದರ ಮೊದಲ ಸ್ವರ ತಾನಾಗಿ ಬಾಯಿಗೆ ಬರುತ್ತಿತ್ತು. ಸಿ. ಅಶ್ವತ್ಥ್ ಅವರ ಯಾವ ಕ್ಯಾಸೆಟ್ ಮೇಲು ಎಂದು ಜಗಳವಾಡಿದವರಿಗೆ ಮೇಡನ್ ಅಭಿಮಾನಿಗಳ ಪಾಡು ಚೆನ್ನಾಗಿ ಅರ್ಥವಾಗುತ್ತದೆ. ರಾಕ್ ಸಂಗೀತದಲ್ಲಿ ಈ ಗುಚ್ಛವೇ ಕೃತಿ. ಬಿಡಿ ಹಾಡು ಅದರ ಒಂದು ಅಧ್ಯಾಯ.

ಬೆಂಗಳೂರಿನ ವಾದಕ್ಕೆ ಒಂದು ವಿಶೇಷವಿದೆ. ಇಂಗ್ಲೆಂಡಿನ ಅಭಿಮಾನಿಗಳಿಗೆ ಈ ಆಲ್ಬಂಗಳು ಒಂದೊಂದಾಗಿ, ಬಂದ ಹಾಗೆ ಸಿಕ್ಕವು. ಇಲ್ಲಿಯವರಿಗೆ ಹಾಗಲ್ಲ. ಒಬ್ಬೊಬ್ಬರಿಗೆ ಒಂದೊಂದು ದಾರಿಯಲ್ಲಿ, ತಲೆಕೆಳಗಾದ ಕ್ರಮದಲ್ಲಿ, ಕೆಲವೊಮ್ಮೆ ಅರ್ಧಂಬರ್ಧ ಸಿಕ್ಕವು. ಯಾರಿಗೆ ಯಾವುದು ಮೇಲು ಎನ್ನಿಸುತ್ತದೆ ಎಂಬುದು ಬಹುಮಟ್ಟಿಗೆ ಅಲ್ಲೇ ತೀರ್ಮಾನವಾಗಿದೆ.

ತೊಂಬತ್ತು ನಿಮಿಷದ ಖಾಲಿ ಕ್ಯಾಸೆಟ್ಟನ್ನೇ ನೋಡಿ. ಅಂಗಡಿಯಲ್ಲಿ ಎಲ್ಲ ಇಂಗ್ಲಿಷ್ ಕ್ಯಾಸೆಟ್ಟೂ ಸಿಗದ, ಸಿಕ್ಕರೂ ಎಲ್ಲವನ್ನೂ ಕೊಳ್ಳಲಾಗದ ಕಾಲದಲ್ಲಿ ಗೆಳೆಯನ ಮನೆಯ ಡಬಲ್ ಡೆಕ್‌ನಲ್ಲಿ ಕಾಪಿ ಮಾಡಿಕೊಳ್ಳುವುದೇ ರೂಢಿ. ಕ್ಯಾಸೆಟ್ಟಿನ ಒಂದು ಬದಿಗೆ ನಲವತ್ತೈದು ನಿಮಿಷ, ಅಂದರೆ ಬದಿಗೊಂದು ಆಲ್ಬಂ. 1982ರ 'ದ ನಂಬರ್ ಆಫ್ ದ ಬೀಸ್ಟ್' ಸುಮಾರು 40 ನಿಮಿಷ, ಆರಾಮಾಗಿ ಕೂರುತ್ತದೆ. 1988ರ 'ಸೆವೆಂತ್ ಸನ್ ಆಫ್ ಎ ಸೆವೆಂತ್ ಸನ್' 44 ನಿಮಿಷ, ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂರುತ್ತದೆ. ಆದರೆ 1984ರ 'ಪವರ್‌ಸ್ಲೇವ್' 51 ನಿಮಿಷ. ಅದರ ಕೊನೆಯ ಹಾಡು 'ರೈಮ್ ಆಫ್ ದಿ ಏನ್ಶಿಯಂಟ್ ಮ್ಯಾರಿನರ್' ಒಂದೇ ಹದಿಮೂರು ಮುಕ್ಕಾಲು ನಿಮಿಷ. ನಾವಿಕನ ಕಥೆ ಅರ್ಧ ನಡೆಯುವಷ್ಟರಲ್ಲಿ ಟೇಪ್ ಮುಗಿಯುತ್ತದೆ, ಟಕ್ಕೆಂದು ಗುಂಡಿ ಮೇಲೇಳುತ್ತದೆ. 1986ರ 'ಸಮ್‌ವೇರ್ ಇನ್ ಟೈಮ್' ಕೂಡ 51 ನಿಮಿಷದ್ದೇ. ಅಲೆಕ್ಸಾಂಡರನ ಮೇಲಿನ ಅದರ ಕೊನೆಯ ಹಾಡಿಗೂ ಅದೇ ಗತಿ. ಆ ಎರಡು ಆಲ್ಬಂಗಳ ಶಿಖರವೇ ಕೈತಪ್ಪಿದವರು ಮಿಕ್ಕ ಎರಡರ ಪಕ್ಷ ಹಿಡಿದರೆ ಆಶ್ಚರ್ಯವೇನು?

ಆಮೇಲೆ ಎಂಪಿತ್ರೀ ಬಂತು. 2000ದ ಸುಮಾರಿಗೆ ಒಂದೇ ಸಿ.ಡಿ.ಯಲ್ಲಿ ಹತ್ತು ಹನ್ನೆರಡು ಆಲ್ಬಂ ತುಂಬಿಸಿ ಮಾರುತ್ತಿದ್ದರು. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್‌ಗಳಲ್ಲಿ ಕಂಪ್ಯೂಟರಿನಿಂದ ಕಂಪ್ಯೂಟರಿಗೆ ಇಡೀ ಫೋಲ್ಡರುಗಳೇ ಹರಿದಾಡಿದವು. ಈ ಪೀಳಿಗೆಗೆ ಎಲ್ಲವೂ ಒಟ್ಟಿಗೇ ಸಿಕ್ಕಿತು, ಮುಂಚಿನದು ಯಾವುದು ಆಮೇಲಿನದು ಯಾವುದು ಎಂಬ ಭೇದವಿಲ್ಲದೆ. ಅಕ್ಷರಾನುಕ್ರಮದಲ್ಲಿ ಜೋಡಿಸಿದ ಫೋಲ್ಡರಿನಲ್ಲಿ ಮೊದಲು ಕಾಣುವುದು 2006ರಲ್ಲಿ ಹೊಸದಾಗಿ ಬಂದ ಆಲ್ಬಂ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್', ಎರಡನೆಯದು 'ಬ್ರೇವ್ ನ್ಯೂ ವರ್ಲ್ಡ್', ಮೂರನೆಯದು 'ಡಾನ್ಸ್ ಆಫ್ ಡೆತ್'. ಮೂರೂ 2000 ಮತ್ತು ಅದರ ನಂತರದವು. ಹಾಗೆ ಒಳಹೊಕ್ಕವರಿಗೆ ಮೇಡನ್ ಎಂದರೆ ಮೂರು ಗಿಟಾರುಗಳ, ಉದ್ದುದ್ದ ಹಾಡುಗಳ ತಂಡ. ಎಂಬತ್ತರ ದಶಕದ ಆಲ್ಬಂಗಳು ಅವರಿಗೆ ಆಮೇಲೆ ಓದಿದ ಪೂರ್ವಕಥೆ.

ಈ ಸಂಗೀತ ಇಲ್ಲಿ ಬೇರು ಬಿಡಲು ಏನು ಕಾರಣ? ಎತ್ತರದ ಧ್ವನಿ, ಅಬ್ಬರ, ತಂಡದ ಲಾಂಛನವಾದ ಎಡ್ಡಿ ಎಂಬ ಅಸ್ಥಿಪಂಜರದ ಚಿತ್ರ, ಇವೆಲ್ಲ ಹದಿಹರೆಯದವರನ್ನು ಸೆಳೆಯುತ್ತವೆ, ನಿಜ. ಆದರೆ ಮೇಡನ್‌ನ ಮೂಲಗುಣ ರಾಗ. ಗಿಟಾರ್ ವಾದಕರಾದ ಡೇವ್ ಮರ್ರೆ ಮತ್ತು ಏಡ್ರಿಯನ್ ಸ್ಮಿತ್ ಒಂದೇ ರಾಗದ ಎಳೆಯನ್ನು ಬೇರೆ ಬೇರೆ ಸ್ಥಾಯಿಯಲ್ಲಿ ಜೊತೆಜೊತೆಗೇ ನುಡಿಸುತ್ತಾರೆ. ಆ ಎಳೆಯನ್ನು ಮಾತೇ ಇಲ್ಲದೆ ಗುನುಗಬಹುದು. ಕೆಳಗಡೆ ಹ್ಯಾರಿಸ್‌ರ ಬೇಸ್ ಗಿಟಾರು ಒಂದು ದೀರ್ಘ ಎರಡು ಹ್ರಸ್ವದ ಲಯದಲ್ಲಿ ಕುದುರೆಯ ನಾಗಾಲೋಟ ಹಾಕುತ್ತಿರುತ್ತದೆ. ರಾಗವನ್ನು ಹಿಡಿದು ಕೇಳಿ ಬೆಳೆದ ನಮ್ಮ ಕಿವಿಗೆ ಇದು ಬೇಗ ದಕ್ಕುತ್ತದೆ. 'ಫಿಯರ್ ಆಫ್ ದ ಡಾರ್ಕ್' ಹಾಡು ಶುರುವಾದರೆ ಲೋಕದ ಯಾವ ಊರಿನಲ್ಲೇ ಆಗಲಿ ಜನ ಮೊದಲು ಹಾಡುವುದು ಗಿಟಾರಿನ ರಾಗವನ್ನೇ.

ಇನ್ನೊಂದು ಸೆಳೆತ ಸಾಹಿತ್ಯದ್ದು. ಕೋಲ್‌ರಿಜ್‌ನ 1798ರ ಕವಿತೆಯಿಂದ ನಾವಿಕನ ಹಾಡು, 1854ರ ಬಾಲಾಕ್ಲಾವಾ ಯುದ್ಧದಿಂದ 'ದ ಟ್ರೂಪರ್', ಆಲ್ಡಸ್ ಹಕ್ಸ್ಲಿಯ ಕಾದಂಬರಿಯಿಂದ 'ಬ್ರೇವ್ ನ್ಯೂ ವರ್ಲ್ಡ್' ಎಂಬ ಹೆಸರು. ಬಿ.ಎಂ.ಶ್ರೀ. 'ಇಂಗ್ಲಿಷ್ ಗೀತಗಳು' ಮೂಲಕ ಇಂಗ್ಲಿಷ್ ಕಾವ್ಯವನ್ನು ಕನ್ನಡದ ಅಂಗಳಕ್ಕೆ ತಂದು ಸುಮಾರು ನೂರು ವರ್ಷವಾಯಿತು. ಅದೇ ಪರಂಪರೆಯ ಕವಿಯೊಬ್ಬನನ್ನು ಎಲೆಕ್ಟ್ರಾನಿಕ್ ಸಿಟಿಯ ಹುಡುಗನೊಬ್ಬ ಕಂಪನಿ ಬಸ್ಸಿನಲ್ಲಿ ಇಯರ್‌ಫೋನ್ ಮೂಲಕ ಮೊದಲ ಬಾರಿ ಕೇಳಿದ ಎಂದರೆ ಅದು ಕಡಿಮೆ ಸಂಗತಿಯಲ್ಲ.

ಬೆಂಗಳೂರಿನ ಹೊರವಲಯಕ್ಕೂ ಪಾಶ್ಚಾತ್ಯ ಸಂಗೀತಕ್ಕೂ ನಂಟು ಐಟಿಯಿಂದ ಶುರುವಾದದ್ದಲ್ಲ. ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ, ಚಾಮರಾಜೇಂದ್ರ ಒಡೆಯರ್ ಕೊಟ್ಟ ಭೂಮಿಯಲ್ಲಿ, ಪಾಶ್ಚಾತ್ಯ ಸಂಗೀತ ಮನೆಮಾತಾಗಿದ್ದ ಆಂಗ್ಲೋ ಇಂಡಿಯನ್ನರ ವಸತಿಯಾಗಿ. ಕೈಗಾರಿಕಾ ಪ್ರದೇಶವಾದ ಪೀಣ್ಯದ ಕಥೆ ಬೇರೆ. ಅಲ್ಲಿನ ಶೆಡ್ಡುಗಳಲ್ಲಿ ಮೆಟಲ್ ಎಂದರೆ ನಿಜವಾದ ಲೋಹ. ಲೇತು, ಪವರ್ ಪ್ರೆಸ್ಸು, ಶೀಟ್ ಮೆಟಲ್ಲು. ಅಲ್ಲಿ ಮೇಡನ್ ಹಾಕಿಕೊಂಡು ಕೆಲಸ ಮಾಡುವವರು ಕಡಿಮೆ. ಹಾಗಿದ್ದೂ ಈ ಸಂಗೀತದ ಹುಟ್ಟನ್ನು ಐಟಿ ಪಾರ್ಕಿನವರಿಗಿಂತ ಪೀಣ್ಯದವರೇ ಚೆನ್ನಾಗಿ ಅರಿಯಬಲ್ಲರು.

ಏಕೆಂದರೆ ಹೆವಿ ಮೆಟಲ್ ಹುಟ್ಟಿದ್ದು ಬರ್ಮಿಂಗ್‌ಹ್ಯಾಮ್ ಎಂಬ ಕಾರ್ಖಾನೆ ಊರಿನಲ್ಲಿ. ಬ್ಲ್ಯಾಕ್ ಸಬ್ಬತ್ ತಂಡದ ಟೋನಿ ಅಯೋಮಿ ಹದಿನೇಳರ ಹುಡುಗನಾಗಿದ್ದಾಗ ಶೀಟ್ ಮೆಟಲ್ ಕಾರ್ಖಾನೆಯ ಕೆಲಸಗಾರ. ಕೆಲಸದ ಕೊನೆಯ ದಿನ ಯಂತ್ರಕ್ಕೆ ಸಿಕ್ಕು ಬಲಗೈಯ ಎರಡು ಬೆರಳುಗಳ ತುದಿ ಕಳೆದುಕೊಂಡರು. ಎಡಗೈಯವರಾದ್ದರಿಂದ ತಂತಿ ಒತ್ತುವ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ತೊಪ್ಪಿ ಮಾಡಿ, ಮೇಲೆ ಚರ್ಮ ಅಂಟಿಸಿ, ತೆಳುವಾದ ತಂತಿ ಕಟ್ಟಿಕೊಂಡು ಮತ್ತೆ ನುಡಿಸಿದರು. ಮುಂದೆ ತಂತಿಗಳ ಬಿಗಿಯನ್ನೂ ಸಡಿಲಿಸಿದರು, ನಾದ ಇನ್ನಷ್ಟು ತಗ್ಗಿ ಭಾರವಾಯಿತು. 1970ರ ಸಬ್ಬತ್‌ನ ಮೊದಲ ಆಲ್ಬಂನಿಂದ ಇಡೀ ಪ್ರಕಾರ ಬೆಳೆಯಿತು. ಪ್ರೆಸ್ ಯಂತ್ರದ ಮುಂದೆ ನಿಂತು ಬೆರಳು ಕಾಪಾಡಿಕೊಳ್ಳುವ ಕಷ್ಟ ಪೀಣ್ಯದ ಕಾರ್ಮಿಕರಿಗೆ ಹೇಳಿಕೊಡಬೇಕೇ?

ಮೇಡನ್‌ಗೆ ಬರೋಣ. ವಾದದಲ್ಲಿ ಮುಖ್ಯವಾಗಿ ನಾಲ್ಕು ಪಕ್ಷಗಳಿವೆ. ಪಾಲ್ ಡಿಯಾನೊ ಹಾಡಿದ ಮೊದಲೆರಡು ಆಲ್ಬಂಗಳಲ್ಲಿರುವ ಬೀದಿಯ ಕಸುವು ಮತ್ತೆ ಬರಲಿಲ್ಲ ಎನ್ನುವ ಚಿಕ್ಕ ಗುಂಪೊಂದು ಬೇರೆ ಇದೆ. 2024ರ ಅಕ್ಟೋಬರಿನಲ್ಲಿ ಡಿಯಾನೊ ತೀರಿಕೊಂಡ ಮೇಲೆ 'ಕಿಲ್ಲರ್ಸ್' ಆಲ್ಬಮ್ಮನ್ನು ಮತ್ತೆ ತೆಗೆದು ಕೇಳಿದವರು ಅವರ ಮಾತಿನಲ್ಲಿ ಹುರುಳಿದೆ ಎಂದು ಒಪ್ಪುತ್ತಾರೆ.

'ಬೀಸ್ಟ್' ಪಕ್ಷದವರದ್ದು ಇತಿಹಾಸದ ವಾದ. ಬ್ರೂಸ್ ಡಿಕಿನ್ಸನ್ ಹಾಡಿದ ಮೊದಲ ಆಲ್ಬಂ, ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿದ ತಂಡದ ಮೊದಲ ಆಲ್ಬಂ, ಕೊನೆಯಲ್ಲಿ 'ಹ್ಯಾಲೋಡ್ ಬಿ ದೈ ನೇಮ್'. ಗಲ್ಲಿಗೇರಲಿರುವ ಕೈದಿಯ ಕೊನೆಯ ಗಳಿಗೆಗಳನ್ನು ಹೇಳುವ ಆ ಹಾಡಿಗೆ ಸಮನಾದದ್ದನ್ನು ತಂಡ ಆಮೇಲೆ ಹೆಚ್ಚು ಬರೆದಿಲ್ಲ. ಹೆಸರಿನಲ್ಲಿ ಸೈತಾನನ ಸುಳಿವಿದ್ದ ಕಾರಣಕ್ಕೆ ಅಮೆರಿಕದಲ್ಲಿ ಧಾರ್ಮಿಕ ಗುಂಪುಗಳು ಈ ತಟ್ಟೆಗಳನ್ನು ಸುಟ್ಟವು. ಅದರಿಂದ ಕೀರ್ತಿ ಹೆಚ್ಚಿತೇ ಹೊರತು ಕುಗ್ಗಲಿಲ್ಲ. ಆದರೆ 'ಗ್ಯಾಂಗ್‌ಲ್ಯಾಂಡ್' ಎಂಬ ಹಾಡನ್ನು ಅಲ್ಲಿ ಸೇರಿಸಿದ್ದು ತಪ್ಪಾಯಿತೆಂದು ಹ್ಯಾರಿಸ್ ಅವರೇ ಹೇಳಿದ್ದಾರೆ. ಎಂಟು ಹಾಡುಗಳಲ್ಲಿ ಒಂದು ಪೊಳ್ಳು ಎಂದು ಮಾಡಿದವರೇ ಒಪ್ಪಿದ ಮೇಲೆ ಆ ಪಕ್ಷದ ಬಲ ಸ್ವಲ್ಪ ತಗ್ಗುತ್ತದೆ.

'ಪವರ್‌ಸ್ಲೇವ್' ಪಕ್ಷ ದೊಡ್ಡದು. ಬಹಾಮಾಸ್ ದ್ವೀಪಗಳ ನಸ್ಸಾವಿನಲ್ಲಿ ಧ್ವನಿಮುದ್ರಿಸಿದ ಈ ಆಲ್ಬಂ ಮುಂದಿಟ್ಟುಕೊಂಡು ತಂಡ 1984ರ ಆಗಸ್ಟ್‌ನಲ್ಲಿ ಕಮ್ಯುನಿಸ್ಟ್ ಪೋಲೆಂಡಿನಿಂದ ಪ್ರವಾಸ ಶುರುಮಾಡಿ ಸುಮಾರು ಹನ್ನೊಂದು ತಿಂಗಳು ಲೋಕ ಸುತ್ತಿತು. ಈಜಿಪ್ಟಿನ ಫೆರೋನ ಮುಖವಿರುವ ಆ ಮುಖಪುಟ ಇಂದಿಗೂ ವೈಟ್‌ಫೀಲ್ಡಿನ ಮಾಲುಗಳಲ್ಲಿ ಟೀ ಶರ್ಟಿನ ಮೇಲೆ ಓಡಾಡುತ್ತದೆ. ಬೆಂಗಳೂರಿನಲ್ಲಿ ಈ ಪಕ್ಷಕ್ಕೆ ಬಲ ತಂದದ್ದು 2009ರ ಫೆಬ್ರುವರಿ 15. ಎಂಬತ್ತರ ದಶಕದ ಹಾಡುಗಳನ್ನೇ ನುಡಿಸಲು ಹೊರಟಿದ್ದ ಪ್ರವಾಸ ಅದು. ಹಿಂದಿನ ವರ್ಷ ಅದರ ಮೊದಲ ಕಾರ್ಯಕ್ರಮ ಮುಂಬಯಿಯಲ್ಲೇ ನಡೆದಿತ್ತು. ಡಿಕಿನ್ಸನ್ ತಾವೇ ಪೈಲಟ್ ಆಗಿ ಬೋಯಿಂಗ್ 757 ವಿಮಾನದಲ್ಲಿ ತಂಡವನ್ನೂ ಸಾಮಾನನ್ನೂ ಹೊತ್ತು ಊರೂರು ಸುತ್ತಿದ ಕಥೆ 'ಫ್ಲೈಟ್ 666' ಚಿತ್ರದಲ್ಲಿದೆ. ಕ್ಯಾಸೆಟ್ಟಿನಲ್ಲಿ ಅರ್ಧಕ್ಕೆ ನಿಲ್ಲುತ್ತಿದ್ದ ನಾವಿಕನ ಹಾಡು ಆ ಪ್ರವಾಸದ ವೇದಿಕೆಯಲ್ಲಿ ಪೂರ್ತಿ ಮೊಳಗಿತು.

2007ರ ಮೊದಲ ಸಂಜೆಯವರ ಪಕ್ಷ ಮತ್ತೊಂದು. ಬೆಂಗಳೂರಿಗೆ ಅದಕ್ಕೂ ಮುಂಚೆ ದೊಡ್ಡವರು ಬಂದಿದ್ದರು. 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್, 2003ರ ಏಪ್ರಿಲ್‌ನಲ್ಲಿ ಸುರಿವ ಮಳೆಯಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್. ಅವರಿಂದ ಜನ ಕೇಳಲು ಹೋದದ್ದು ಮುಖ್ಯವಾಗಿ ಹಳೆಯ ಹಾಡುಗಳನ್ನು. ಮೇಡನ್ ಬಂದಾಗ ಅವರ ಕೈಯಲ್ಲಿದ್ದದ್ದು ಏಳು ತಿಂಗಳೂ ತುಂಬದ 'ಎ ಮ್ಯಾಟರ್ ಆಫ್ ಲೈಫ್ ಅಂಡ್ ಡೆತ್'. ಯುದ್ಧವನ್ನೂ ಧರ್ಮದ ಹೆಸರಿನ ಹಿಂಸೆಯನ್ನೂ ಕುರಿತ 72 ನಿಮಿಷದ ಗಂಭೀರ ಕೃತಿ. ನುಡಿಸಿದ ನಾದ ಹಾಗೇ ಉಳಿಯಲಿ ಎಂದು ಕೊನೆಯ ಹಂತದ ಮಾಸ್ಟರಿಂಗ್ ಕೂಡ ಮಾಡದೆ ಹೊರತಂದದ್ದು. ಒಂದು ತಂಡ ತನ್ನ ಇಂದಿನ ಕೆಲಸದ ಮೇಲೆ ನಂಬಿಕೆಯಿಟ್ಟು ನಮ್ಮೂರಿಗೆ ಬಂದದ್ದು ಆ ತಲೆಮಾರಿಗೆ ಮರೆಯಲಾಗದ ಗೌರವ. ಅವರು ಅದನ್ನೂ 'ಬ್ರೇವ್ ನ್ಯೂ ವರ್ಲ್ಡ್' ಅನ್ನೂ ಬಿಟ್ಟುಕೊಡುವುದಿಲ್ಲ. ಆ ಪ್ರೀತಿ ಸಾಚಾ. ಆದರೆ 72 ನಿಮಿಷದಲ್ಲಿ ಹತ್ತು ನಿಮಿಷ ಕತ್ತರಿಸಿದ್ದರೆ ಆಲ್ಬಂ ಇನ್ನೂ ಗಟ್ಟಿಯಾಗುತ್ತಿತ್ತು.

ಕೇಳಿದವರೆಲ್ಲ ಕೇಳುಗರಾಗಿಯೇ ಉಳಿಯಲಿಲ್ಲ. 1998ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಕ್ರಿಪ್ಟಾಸ್ ತಂಡದ ಜೋಡಿ ಗಿಟಾರಿನ ನುಡಿಕೆಯಲ್ಲಿ ಮೇಡನ್‌ನ ಋಣ ಎದ್ದು ಕೇಳುತ್ತದೆ. ಅವರು 2013ರಲ್ಲಿ ಜರ್ಮನಿಯ ವಾಕನ್ ಮೆಟಲ್ ಉತ್ಸವದಲ್ಲಿ ನುಡಿಸಿದರು, ಭಾರತದ ತಂಡವೊಂದಕ್ಕೆ ಆ ವೇದಿಕೆ ಸಿಕ್ಕಿದ್ದು ಅದೇ ಮೊದಲು. 2012ರಿಂದ ಬೆಂಗಳೂರು ಓಪನ್ ಏರ್ ಎಂಬ ಮೆಟಲ್ ಉತ್ಸವ ಇಲ್ಲೇ ನಡೆಯತೊಡಗಿತು. ಕಂಪನಿಗಳ ವಾರ್ಷಿಕೋತ್ಸವದಲ್ಲಿ ನೌಕರರದ್ದೇ ಬ್ಯಾಂಡು 'ದ ಟ್ರೂಪರ್' ನುಡಿಸಿದರೆ ಎಚ್‌ಆರ್ ವಿಭಾಗದವರೂ ತಲೆಯಾಡಿಸುತ್ತಾರೆ.

ಮತ್ತೆ ವಾದಕ್ಕೆ ಬಂದರೆ, ನಾಲ್ಕನೆಯದು 'ಸೆವೆಂತ್ ಸನ್' ಪಕ್ಷ. ಏಳನೆಯ ಮಗನ ಏಳನೆಯ ಮಗನಿಗೆ ಭವಿಷ್ಯ ಕಾಣುವ ಶಕ್ತಿ ಇರುತ್ತದೆ ಎಂಬ ಯುರೋಪಿನ ಜನಪದ ನಂಬಿಕೆಯ ಮೇಲೆ ಕಟ್ಟಿದ ಎಂಟು ಹಾಡುಗಳು. ತಂಡದ ಏಳನೆಯ ಆಲ್ಬಂ ಎನ್ನುವುದೂ ಸೇರಿ ಹೊಂದಿಕೊಂಡಿತು. ಮೊದಲ ಹಾಡು ಸಾದಾ ಗಿಟಾರಿನ ಪುಟ್ಟ ಪಲುಕಿನಿಂದ ಶುರುವಾಗುತ್ತದೆ, ಕೊನೆಯ ಹಾಡು ಅದೇ ಪಲುಕಿಗೆ ಮರಳಿ ಮುಗಿಯುತ್ತದೆ. ಕೀಬೋರ್ಡ್ ಬಳಸಿದ್ದಕ್ಕೆ ಆಗ ಕೆಲವರು ಮುಖ ಸಿಂಡರಿಸಿದರು. ಈಗ ಕೇಳಿದರೆ ಆ ಮಂಜಿನಂಥ ನಾದವಿಲ್ಲದೆ ಕಥೆ ನಿಲ್ಲುವುದೇ ಇಲ್ಲ. ಆಗ ತಂಡದಲ್ಲಿದ್ದ ಐವರು ಸ್ಟುಡಿಯೋದಲ್ಲಿ ಒಟ್ಟಾಗಿ ಮಾಡಿದ ಹಳೆಯ ಕಾಲದ ಕೊನೆಯ ಆಲ್ಬಂ ಇದು. ಮುಂದಿನದರ ತಯಾರಿಯಲ್ಲಿದ್ದಾಗ ಏಡ್ರಿಯನ್ ಸ್ಮಿತ್ ಹೊರನಡೆದರು.

ಹಾಡುಗಳನ್ನು ಎಣಿಸಿದರೆ 'ಪವರ್‌ಸ್ಲೇವ್' ಗೆಲ್ಲುತ್ತದೆ. ಅದರ ಆರಂಭದ ಎರಡು, ಅಂತ್ಯದ ಎರಡು ಹಾಡುಗಳನ್ನು ಮೀರಿಸುವುದು ಕಷ್ಟ. ಆದರೆ ನಡುವೆ ಕತ್ತಿವರಸೆಯ ಮೇಲೆಯೇ ಬೆನ್ನುಬೆನ್ನಿಗೆ ಎರಡು ಹಾಡುಗಳಿದ್ದು ಅಲ್ಲಿ ಓಟ ತಗ್ಗುತ್ತದೆ. ಪ್ರಶ್ನೆ ಇರುವುದು ಆಲ್ಬಂ ಕುರಿತು. ಮೊದಲಿನಿಂದ ಕೊನೆಯವರೆಗೆ ಒಂದೇ ಉಸಿರಿನಲ್ಲಿ ಕೇಳಿಸಿಕೊಳ್ಳುವ, ಒಂದು ಹಾಡು ತೆಗೆದರೆ ಮಿಕ್ಕದ್ದು ಕುಂಟುವ ಕೃತಿ ಯಾವುದು ಎಂದು ಕೇಳಿದರೆ ಉತ್ತರ 'ಸೆವೆಂತ್ ಸನ್'.

ಈ ತೀರ್ಪನ್ನು ಒಪ್ಪದವರು ಬೇಕಾದಷ್ಟು ಜನ ಇದ್ದಾರೆ, ಇರಲಿ. ಇಂದಿನ ಫೋನಿನ ಆ್ಯಪುಗಳು ಜನಪ್ರಿಯ ಹಾಡುಗಳನ್ನಷ್ಟೇ ಹೆಕ್ಕಿ ಮುಂದಿಡುತ್ತವೆ. ಅಲ್ಲಿ 'ರನ್ ಟು ದ ಹಿಲ್ಸ್' ಆದ ಮೇಲೆ ಹತ್ತು ವರ್ಷ ದಾಟಿ 'ಫಿಯರ್ ಆಫ್ ದ ಡಾರ್ಕ್' ಬರುತ್ತದೆ. ಹಾಗೆ ಕೇಳಿದವರು ಈ ವಾದಕ್ಕೆ ಇಳಿಯಲಾರರು. 'ಸಮ್‌ವೇರ್ ಇನ್ ಟೈಮ್' ಕೊನೆಯ ಅಲೆಕ್ಸಾಂಡರನ ಹಾಡನ್ನು ತಂಡ ವೇದಿಕೆಯ ಮೇಲೆ ಮೊದಲ ಬಾರಿ ನುಡಿಸಿದ್ದು 2023ರಲ್ಲಿ, ಆಲ್ಬಂ ಬಂದು ಮೂವತ್ತೇಳು ವರ್ಷದ ಮೇಲೆ. ಅದಕ್ಕಾಗಿ ಅಷ್ಟು ವರ್ಷ ಪಟ್ಟುಹಿಡಿದು ಕೇಳುತ್ತಾ ಬಂದವರು ಆಲ್ಬಂನ ಕೊನೆಯವರೆಗೆ ಕೇಳಿದ ಜನ.

ಮೇಡನ್ ಇದುವರೆಗೆ ಕೇಳದವರು ಒಂದು ಕೆಲಸ ಮಾಡಬಹುದು. ವೈಟ್‌ಫೀಲ್ಡ್ ಕಾಡುಗೋಡಿಯಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿ, ಕೂರಲು ಜಾಗ ಸಿಕ್ಕರೆ ಕೂತು, 'ಸೆವೆಂತ್ ಸನ್' ಹಚ್ಚಿ, ಮೆಜೆಸ್ಟಿಕ್ ಬರುವವರೆಗೆ ಯಾವ ಹಾಡನ್ನೂ ದಾಟಿಸದೆ ಕೇಳಿ. 44 ನಿಮಿಷ ಸಾಕು. ವಾಪಸು ಬರುವಾಗ 'ಪವರ್‌ಸ್ಲೇವ್' ಕೇಳಿ, ಆಮೇಲೆ ನಿಮ್ಮ ಪಕ್ಷ ಯಾವುದು ಹೇಳಿ.